ಕರಿಕಲ್ಲಿನ ಹೊಲದಲ್ಲಿ ಒಂದು ಹಿಂಗಾರು

ಹೋದ ವಾರ ಬೀಸುಕಲ್ಲಿಗೆ ಉಳಿ ಹೊಡೆಯುವ ಹೆಂಗಸು ಬಂದಿದ್ದಳು. ಈಗ ಯಾರೂ ಬೀಸುವುದಿಲ್ಲ, ಗಿರಣಿ ಬಂದಿದೆ. ಆದರೂ ಪಾಪವೆನಿಸಿ ಕರೆದು ಕೂಡಿಸಿದೆ. ಅವಳು ಅಂಗಳದಲ್ಲಿ ಕೂತು ಸವೆದ ಕಲ್ಲಿಗೆ ಉಳಿಯಿಟ್ಟು ಹೊಡೆಯತೊಡಗಿದಳು. ಗಟ್ಟಿ ಕಲ್ಲಿಗೆ ಉಕ್ಕು ತಾಗಿದ ಕೂಡಲೇ ಒಂದು ವಾಸನೆ ಏಳುತ್ತದೆ. ಸುಟ್ಟ ವಾಸನೆಯೇ, ಆದರೆ ಹೊಗೆಯದಲ್ಲ. ಒಂದು ಕ್ಷಣ ಇದ್ದು ಹೋಗಿಬಿಡುತ್ತದೆ. ಬಹಳ ಜನ ಅದನ್ನು ಗಮನಿಸಿರಲಿಕ್ಕಿಲ್ಲ. ನನಗೆ ಗೊತ್ತು. ಒಂದು ಚಳಿಗಾಲವೆಲ್ಲ ಆ ವಾಸನೆ ನನ್ನ ಗಂಡನ ಅಂಗಿಯಲ್ಲಿ, ತಲೆಗೂದಲಲ್ಲಿ, ಅಂಗೈಯಲ್ಲಿ ಇತ್ತು.

ನಾನು ಎದ್ದು ಒಳಗೆ ಹೋದೆ. ಸೊಸೆ, “ಯಾಕ್ರೀ ಅತ್ತಿ, ಏನಾತು?” ಎಂದಳು. ಬಿಸಿಲು ಎಂದೆ. ಬಿಸಿಲೇನೂ ಇರಲಿಲ್ಲ. ಮುಖ ಮಾತ್ರ ಬಿಸಿಯಾಗಿತ್ತು. ಇಷ್ಟು ವರ್ಷವಾದ ಮೇಲೂ ನಾಚಿಕೆ ಹೀಗೆ ಒಮ್ಮೆಲೇ ಮುಖಕ್ಕೇರುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ.

ಅದು ಎರಡನೇ ಮಹಾಯುದ್ಧ ಶುರುವಾಗುವುದಕ್ಕಿಂತ ಮೊದಲಿನ ವರ್ಷ. ನಮ್ಮದು ಇನ್ನೂ ನಿಜಾಮರ ಸೀಮೆ. ಕೊಪ್ಪಳದಲ್ಲಿ ನಮ್ಮಪ್ಪನದು ಹತ್ತಿಯ ದಲಾಲಿ ಮಾಡುವ ಅಡತಿ ಅಂಗಡಿ. ಯಲಬುರ್ಗಾ, ಕುಷ್ಟಗಿ ಕಡೆಯ ಹತ್ತಿಯೆಲ್ಲ ಬಂಡಿಯ ಮೇಲೆ ಅಪ್ಪನ ಅಂಗಡಿಗೆ ಬಂದು, ಅಲ್ಲಿಂದ ರೈಲು ಏರುತ್ತಿತ್ತು. ಅಪ್ಪನಿಗೆ ನಾನೊಬ್ಬಳೇ ಮಗಳು. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ನನ್ನನ್ನು ಗಂಗಾವತಿಯ ಸಾಲಿ ಮಾಸ್ತರರ ಮಗನಿಗೆ ಕೊಟ್ಟ. ಮನೆತನ ನೋಡಿ ಕೊಟ್ಟದ್ದಲ್ಲ, ಓದು ನೋಡಿ ಕೊಟ್ಟದ್ದು. ಹೈದರಾಬಾದಿನಲ್ಲಿ ಓದಿ, ಸರ್ಕಾರದ ಖರ್ಚಿನಲ್ಲಿ ವಿಲಾಯತಿಗೂ ಹೋಗಿ ಬಂದವರು. ಅಲ್ಲಿಂದ ಇಟಲಿ ದೇಶಕ್ಕೆ ಹೋಗಿ, ಬೆಂಕಿ ಕಾರುವ ಬೆಟ್ಟದ ಬಾಯಿಯ ತನಕ ಏರಿ ನಿಂತು ನೋಡಿ ಬಂದಿದ್ದರು. ಭೂಮಿಯ ಒಳಗೆ ಕಲ್ಲು ಹೇಗೆ ಕರಗುತ್ತದೆ, ಕರಗಿದ್ದು ಹೇಗೆ ಮೇಲೆ ಬರುತ್ತದೆ, ಬಂದದ್ದು ಹೇಗೆ ಮತ್ತೆ ಕಲ್ಲಾಗುತ್ತದೆ, ಇದೇ ಅವರ ವಿದ್ಯೆ. ಸರ್ಕಾರದ ಭೂಗರ್ಭ ಖಾತೆಯಲ್ಲಿ ನೌಕರಿ.

ಅಪ್ಪನಿಗೆ ಇದರಲ್ಲಿ ತಿಳಿದದ್ದು ಎರಡೇ ಮಾತು: ವಿಲಾಯತಿ, ನೌಕರಿ. ಅಳಿಯ ಇವತ್ತಲ್ಲ ನಾಳೆ ತಹಶೀಲ್ದಾರನಾಗುತ್ತಾನೆ ಎಂದು ಓಣಿಯವರೆಲ್ಲ ನಂಬಿದ್ದರು. ಅಪ್ಪನೂ ಅವರ ನಂಬಿಕೆಯನ್ನು ಕೆಡಿಸಿರಲಿಲ್ಲ.

ಮದುವೆಯಾದ ಮೊದಲ ದಸರೆಗೆ ಅಳಿಯ ಬರುತ್ತಾರೆ ಎಂದು ಅಪ್ಪ ಸ್ಟೇಷನ್ನಿಗೆ ಝೂಲು ಹೊದಿಸಿದ ಎತ್ತಿನ ಕಮಾನು ಬಂಡಿ ಕಳಿಸಿದ. ಬಂಡಿ ಖಾಲಿ ಬಂತು. ಅಳಿಯಂದಿರು ದಾರಿಯಲ್ಲೇ ಇಳಿದು ಗುಡ್ಡದ ಕಡೆಗೆ ಹೋದರು ಎಂದು ಬಂಡಿಯವನು ಹೇಳಿದ. ಆರತಿ ತಟ್ಟೆ ಹಿಡಿದ ಹೆಂಗಸರು ಬಾಗಿಲಲ್ಲಿ ನಿಂತೇ ನಿಂತರು. ಬಿಸಿಲು ಇಳಿಯುವ ಹೊತ್ತಿಗೆ ನಮ್ಮವರು ಬಂದರು. ಕೈಯಲ್ಲಿ ಸುತ್ತಿಗೆ, ಹೆಗಲ ಮೇಲೆ ಗೋಣಿಚೀಲ, ಹುಬ್ಬಿನ ಮೇಲೆಲ್ಲ ಕಲ್ಲಿನ ಪುಡಿ. ಚೀಲವನ್ನು ಅಪ್ಪನ ಅಂಗಡಿಯ ಗಾದಿಯ ಪಕ್ಕ ಇಳಿಸಿದರು. ಅಲ್ಲಿದ್ದ ಗಿರಾಕಿಯೊಬ್ಬ ಅದನ್ನು ಎತ್ತಲು ಹೋಗಿ, ಬಾಯಿ ಬಿಚ್ಚಿ ನೋಡಿ, “ಕಲ್ಲದಾವಲ್ರಿ” ಎಂದ.

ಆರತಿ ಎತ್ತುವಾಗ ಹಿಂದಿನಿಂದ ಯಾರೋ ಹೆಂಗಸು ಮೆಲ್ಲಗೆ, “ಸಾವ್ಕಾರ್ರ ಅಳ್ಯಾ ಕಲ್ಲು ಒಡೆಯೋನ್ ಅಂತ ಹೇಳಿರಲಿಲ್ಲಲ್ಲವ್ವಾ” ಎಂದಳು. ನಾಲ್ಕಾರು ಜನ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನು ಬಾಗಿಲ ಹಿಂದೆ ಸರಿದು ನಿಂತೆ. ನನ್ನ ಗಂಡ ಸುತ್ತ ನಿಂತವರಿಗೆಲ್ಲ ಒಂದು ಕಲ್ಲಿನ ಚೂರು ತೋರಿಸುತ್ತ, ಇದು ಬಹಳ ವಿಶೇಷದ ಕಲ್ಲು ಎನ್ನುತ್ತಿದ್ದರು. ಅವರ ಮುಖದಲ್ಲಿ ಎಳ್ಳಷ್ಟೂ ಸಂಕೋಚವಿರಲಿಲ್ಲ. ಅದೆಲ್ಲ ನನ್ನ ಪಾಲಿಗೇ ಬಂದಂತಿತ್ತು.

ಮರುದಿನ ಅಂಗಡಿಯಲ್ಲಿ ಒಬ್ಬ ವ್ಯಾಪಾರಿ ಅಪ್ಪನನ್ನು ಕೇಳಿದ, ಅಳಿಯಂದಿರದು ಏನು ಉದ್ಯೋಗವೆಂದು. ಅಂಗಡಿಗೂ ಮನೆಗೂ ನಡುವೆ ಒಂದೇ ಬಾಗಿಲು. ನಾನು ಒಳಗೆ ಶೇಂಗಾ ಹುರಿಯುತ್ತಿದ್ದೆ. ಅಪ್ಪ ದನಿ ತಗ್ಗಿಸಿ, ಗುಟ್ಟು ಹೇಳುವವನಂತೆ, “ಬಂಗಾರ ಹುಡುಕಾಕತ್ತಾರ. ಸರ್ಕಾರ ಕಳಿಸೈತಿ. ಕುಷ್ಟಗಿ ಕಡೆ ಐತಿ ಅಂತ ಗುಮಾನಿ” ಎಂದ.

ಲಿಂಗಸುಗೂರು ಕಡೆ ಹಿಂದೆ ಬಂಗಾರದ ಗಣಿ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಆದ್ದರಿಂದ ಮಾತು ಸುಳ್ಳಾಗಿ ಕೇಳಿಸಲಿಲ್ಲ. ವ್ಯಾಪಾರಿ “ಹೌದೇನ್ರಿ” ಎಂದವನು ಮುಂದೆ ನಗಲಿಲ್ಲ. ಸಂಜೆಯ ಹೊತ್ತಿಗೆ ಓಣಿಯಲ್ಲಿ ಯಾರೂ ನಗಲಿಲ್ಲ. ನಿಜ ಹೇಳಬೇಕೆಂದರೆ, ನನ್ನ ಎದೆ ಹಗುರಾಯಿತು. ನಮ್ಮವರಿಗೆ ಆ ಮಾತು ತಿಳಿಸಲಿಲ್ಲ.

ದೀಪಾವಳಿ ಮುಗಿದ ಮೇಲೆ ನಮ್ಮವರ ಮುಕ್ಕಾಂ ಕುಷ್ಟಗಿ ಸೀಮೆಯ ಒಂದು ಹಳ್ಳಿಗೆ ಬಿತ್ತು. ನನ್ನನ್ನೂ ಕರೆದುಕೊಂಡು ಹೊರಟರು. ಇರಕಲ್ಲಗಡದಲ್ಲಿ ಎತ್ತಿಗೆ ನೀರು ಕುಡಿಸಿ, ನಾವೂ ಬುತ್ತಿ ಬಿಚ್ಚಿ ಉಂಡು ಮುಂದೆ ಹೋದೆವು. ಇರಕಲ್ಲಗಡ ದಾಟಿ ಬಹಳ ಹೊತ್ತಿನ ಮೇಲೆ ಗುಂಡುಗಲ್ಲಿನ ಗುಡ್ಡಗಳು ಹಿಂದೆ ಬಿದ್ದು ಎರೆಹೊಲಗಳು ಶುರುವಾದವು. ಜೋಳ ಮೊಳಕಾಲೆತ್ತರ ಬಂದಿತ್ತು. ಕುಸುಬಿ, ಕಡಲೆ ಹಸಿರಾಗಿದ್ದವು. ಹಳ್ಳಿಯಲ್ಲಿ ದೊಡ್ಡನಗೌಡ ಎಂಬ ಊರಗೌಡರು ತಮ್ಮದೊಂದು ಖಾಲಿ ಮನೆಯನ್ನು ನಮಗೆ ಬಿಟ್ಟುಕೊಟ್ಟರು.

ನಮ್ಮವರಿಗೆ ಬೇಕಾದದ್ದು ಆ ಊರಿನ ಹಳ್ಳದ ದಂಡೆಯಲ್ಲಿತ್ತು. ಹನಮಪ್ಪ ಎಂಬ ರೈತನ ಹೊಲದ ಅಂಚಿಗೆ ಹಳ್ಳ ಕೊರೆದು ಒಂದು ಕರಿಕಲ್ಲಿನ ಗೋಡೆ ಎದ್ದು ನಿಂತಿತ್ತು. ಗೋಡೆಯೆಲ್ಲ ಗುಂಡು ಗುಂಡಾದ ಕಲ್ಲುಗಳು, ಒಂದರ ಮೇಲೊಂದು ಒತ್ತಿ ಜೋಡಿಸಿದ ದಿಂಬುಗಳಂತೆ. ಮೊದಲ ದಿನ ಅದನ್ನು ನೋಡಿ ಬಂದವರು ರೊಟ್ಟಿ ಮುರಿಯುವುದನ್ನು ಮರೆತು ಕೂತರು. ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು: ಈ ಕರಿಕಲ್ಲು ಒಂದು ಕಾಲಕ್ಕೆ ಭೂಮಿಯೊಳಗಿನಿಂದ ಉಕ್ಕಿ ಬಂದ ಶಿಲಾರಸ. ಅದು ನೆಲದೊಳಗೇ ನಡುವೆ ಸಿಕ್ಕಿಕೊಂಡು ಆರಿತು, ಹೊರಗೆ ಬರಲೇ ಇಲ್ಲ ಎಂದು ಅವರ ಮೇಲಧಿಕಾರಿ ಹೇಳುತ್ತಿದ್ದರು. ಇಲ್ಲ, ಇದು ನೀರಿನ ತಳದಲ್ಲಿ ಬಾಯಿಬಿಟ್ಟ ಜ್ವಾಲಾಮುಖಿ, ಈ ಸೀಮೆಯ ಮೇಲೆ ಆಗ ನೀರು ನಿಂತಿತ್ತು ಎಂದು ಇವರು ಹೇಳುತ್ತಿದ್ದರು. ಹಾಗೆ ಹೇಳಿ ಹೈದರಾಬಾದಿನಲ್ಲಿ ನಗೆಗೀಡಾಗಿದ್ದರು. ಅದನ್ನು ನನಗೆ ಆ ದಿನವೇ ಮೊದಲು ಹೇಳಿದ್ದು.

“ಈ ಗ್ವಾಡಿ ಒಂದು ಸ್ವಚ್ಛ ಮಾಡಿ ತೋರಿಸಿದ್ರ ಸಾಕು. ಶಿವರಾತ್ರಿ ಹೊತ್ತಿಗೆ ಮ್ಯಾಲಿನ ಸಾಹೇಬ್ರು ತಪಾಸಣಿಗೆ ದೌರಾ ಬರ್ತಾರ. ಕಣ್ಣಾರೆ ನೋಡ್ಲಿ” ಎಂದರು.

ಹನಮಪ್ಪ ಇಲ್ಲವೆನ್ನಲಿಲ್ಲ. ಬೆಳೆಗೆ ಧಕ್ಕೆಯಾಗದಂತೆ ಬದುವಿನ ಮೇಲೆ ದಾರಿ ಮಾಡಿಕೊಟ್ಟ. ಅವನ ಹೆಂಡತಿ ದುರಗವ್ವ ದಿನಾ ಮುಂಜಾನೆ ನಮ್ಮ ಮನೆಗೆ ಮಜ್ಜಿಗೆ ತಂದುಕೊಡುತ್ತಿದ್ದಳು. ನನಗಿಂತ ಒಂದಿಷ್ಟು ದೊಡ್ಡವಳು. ಎತ್ತರದ, ಒಣಗಿದ ಮೈಯವಳು. ಮಾತಿಗೆ ಕೂತರೆ ಎರಡೂ ಮೊಣಕಾಲು ಅಪ್ಪಿಕೊಂಡು ಕೂಡುತ್ತಿದ್ದಳು. ಎರೆಸೀಮೆಯ ಚಳಿಗೆ ನನ್ನ ಹಿಮ್ಮಡಿ ಒಡೆದಾಗ ಬೆಣ್ಣೆಗೆ ಏನೋ ಕಲಸಿ ತಂದು, ನಾನು ಬೇಡವೆಂದರೂ ತಾನೇ ಹಚ್ಚಿದಳು. ಅವ್ವನಿಲ್ಲದೆ ಬೆಳೆದವಳು ನಾನು. ನನ್ನ ಕಾಲನ್ನು ಯಾರೂ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿರಲಿಲ್ಲ.

ಎಳ್ಳಮಾವಾಸ್ಯೆಗೆ ಭೂತಾಯಿಗೆ ಚರಗದ ಎಡೆ ಚೆಲ್ಲಲು ನಮ್ಮನ್ನೂ ಹೊಲಕ್ಕೆ ಕರೆದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ಹೊತ್ತು ಹೋದೆವು. ಹನಮಪ್ಪ ಹೊಲದ ಸುತ್ತ ಚರಗ ಚೆಲ್ಲಿ ಬಂದ ಮೇಲೆ ಬನ್ನಿಗಿಡದ ನೆರಳಿಗೆ ಊಟಕ್ಕೆ ಕೂತೆವು. ಅಲ್ಲಿಂದ ಕಲ್ಲಿನ ಗೋಡೆ ಪೂರ್ತಿ ಕಾಣುತ್ತಿತ್ತು. ಇವರು ತಿಂಗಳುಗಟ್ಟಲೆ ಮಣ್ಣು ಕೆರೆದು, ನೀರು ಸುರಿದು ತೊಳೆದಿದ್ದರಿಂದ ಗುಂಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು.

ದುರಗವ್ವ ಕೇಳಿದಳು. “ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಆ ಕಲ್ಲಾಗ ಏನ್ ನೋಡ್ತೀರಿ ನೀವು?”

ಇವರು ಊಟ ಬಿಟ್ಟು ಅವಳ ಕಡೆಗೆ ತಿರುಗಿದರು. “ಉಂಡಿ ಕಟ್ಟುವಾಗ ಪಾಕ ಬಂತೋ ಇಲ್ಲೋ ಅಂತ ನೀರಾಗ ಒಂದ್ಹನಿ ಬಿಟ್ಟು ನೋಡ್ತೀರಲ್ಲ, ಏನಾಗ್ತೈತಿ?”

“ಗುಂಡಗ ಕಟ್ಟತೈತ್ರಿ.”

“ಇದೂ ಅದ. ನೆಲದ ಒಳಗ ಕಲ್ಲು ಕರಗಿ ಪಾಕ ಆಗಿತ್ತು. ಅದು ಉಕ್ಕಿ ನೀರಾಗ ಬಿತ್ತು. ಬಿದ್ದಂಗ ಬಿದ್ದಂಗ ಗುಂಡಗ ಕಟ್ಟಿತು. ಮ್ಯಾಲಿನ ಗುಂಡು ಇನ್ನೂ ಮೆತ್ತಗಿದ್ದಾಗ ಕೆಳಗಿನ ಎರಡು ಗುಂಡಿನ ಸಂದಿಗೆ ಇಳದು ಕೂತೈತಿ ನೋಡು. ಆ ಸಂದಿ ನೋಡಾಕ ನಾ ಬಂದದ್ದು.”

ಹನಮಪ್ಪ ಬಹಳ ಹೊತ್ತು ಗೋಡೆಯನ್ನೇ ನೋಡಿದ. “ಹಂಗಾರ ನಮ್ಮ ಹೊಲದಾಗ ಅಷ್ಟು ನೀರಿತ್ತಂತೀರಿ. ಈಗ ಕುಡಿಯಾಕ ಕೊಡ ಹೊತ್ತು ಸಾಯ್ತೀವಲ್ರಿ” ಎಂದ. ಎಲ್ಲರೂ ನಕ್ಕೆವು. ಇವರೂ ನಕ್ಕರು. ಜನ ನಮ್ಮವರ ಮಾತಿಗೆ ನಕ್ಕಾಗ ನನಗೆ ನಾಚಿಕೆಯಾಗದಿದ್ದದ್ದು ಅವತ್ತೇ ಮೊದಲು.

ಸಂಕ್ರಾಂತಿ ಕಳೆದ ಮೇಲೆ ಗೌಡರು ನಮ್ಮ ಮನೆಗೆ ಬರುವುದು ಹೆಚ್ಚಾಯಿತು. ಬಂದವರು ಹಳ್ಳದ ಕೆಲಸ ಎಲ್ಲಿಗೆ ಬಂತೆಂದು ಕೇಳುವರು. ಇವರು ಕಲ್ಲಿನ ವಿಷಯ ಹೇಳಿದರೆ ತಲೆಯಾಡಿಸಿ, ಮುಗುಳ್ನಕ್ಕು ಎದ್ದು ಹೋಗುವರು. ಇವರಿಗೆ ಅದು ಶುದ್ಧ ಆಸಕ್ತಿಯಾಗಿ ಕಂಡಿತು. ನನಗೆ ಒಳಗೊಳಗೇ ಹೆದರಿಕೆ ಹುಟ್ಟಿತ್ತು. ಹತ್ತಿಯ ಬಂಡಿಗಳು ಕೊಪ್ಪಳಕ್ಕೆ ಹೋಗಿ ಬರುವ ಕಾಲ. ಬಂಡಿಯವರ ಬಾಯಲ್ಲಿ ಏನೇನು ಬರುತ್ತದೆಂದು ಅಡತಿ ಅಂಗಡಿಯ ಮಗಳಾದ ನನಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಜೋಳ ಹಾಲುಗಾಳಾಗಿತ್ತು. ಒಂದು ಮುಂಜಾನೆ ಇವರು ಹೊಲಕ್ಕೆ ಹೋದವರು ಹಾಗೆಯೇ ಓಡಿ ಬಂದರು. ಹನಮಪ್ಪನ ಹೊಲದ ಸುತ್ತ ಗೌಡರ ಆಳುಗಳು ಮುಳ್ಳುಬೇಲಿ ಹಚ್ಚಿದ್ದರು. ಬೆಳೆಯಲ್ಲೇ ಬಂಡಿ ಹೊಡೆದು ಹಳ್ಳದ ದಂಡೆಗೆ ಹಾರೆ, ಗುದ್ದಲಿ ಇಳಿಸಿದ್ದರು. ಹೊಲ ಗೌಡರ ಹೆಸರಿನಲ್ಲಿತ್ತು. ಹನಮಪ್ಪನ ಮನೆಯವರು ಅಜ್ಜನ ಕಾಲದಿಂದ ಅದನ್ನು ಪಾಲಿಗೆ ಮಾಡುತ್ತಿದ್ದರು, ಅಷ್ಟೇ. ಬಿಡು ಎಂದರೆ ಬಿಡಬೇಕು.

ಇವರು ನೇರ ಚಾವಡಿಗೆ ಹೋದರು. ಹೆದರಿಕೆಗೆ ನಾನೂ ಹಿಂದೆಯೇ ಹೋಗಿ ಚಾವಡಿಯ ಪಕ್ಕದ ಮನೆಯ ಕಟ್ಟೆಯ ಮೇಲೆ ನಿಂತೆ.

“ಗೌಡ್ರ, ಅಲ್ಲಿ ಏನೂ ಇಲ್ಲ. ಬರೇ ಕಲ್ಲೈತಿ. ಆ ಗ್ವಾಡಿ ಮುಟ್ಟಬ್ಯಾಡ್ರಿ” ಎಂದು ಇವರು ಬೇಡಿಕೊಳ್ಳುವ ದನಿಯಲ್ಲಿ ಹೇಳಿದರು.

ಗೌಡರು ಸಮಾಧಾನವಾಗಿಯೇ ಇದ್ದರು. “ಸಾಹೇಬ್ರ, ನೀವು ಸರ್ಕಾರಿ ಮನಷ್ಯಾರು. ಹಂಗ ಹೇಳಬೇಕಾಗ್ತೈತಿ. ನಾವೂ ತಿಳಕೊಂತೀವಿ. ಬಂಗಾರದ ಮಾತು ಬೀದಿ ಮಂದಿ ಹೇಳಿದ್ದಲ್ಲ. ನಿಮ್ಮ ಮಾವಾರ ಗಾದಿ ಮ್ಯಾಲ ಕುಂತು ಅವರ ಬಾಯಿಲೆ ಆಡಿದ್ದು.”

ಇವರು ತಿರುಗಿ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಗೌಡರು ತಪ್ಪು ತಿಳಿದಿದ್ದಾರೆ, ನೀನೊಂದು ಮಾತು ಹೇಳು ಎನ್ನುವಂತಿತ್ತು. ನಾನು ನೆಲ ನೋಡಿದೆ. ಅಷ್ಟಕ್ಕೇ ಇವರಿಗೆ ಎಲ್ಲ ಗೊತ್ತಾಯಿತು.

ಮಧ್ಯಾಹ್ನ ದುರಗವ್ವ ಬಂದಳು. ಮಜ್ಜಿಗೆಯ ಗಡಿಗೆ ಇರಲಿಲ್ಲ. ಹೊಸ್ತಿಲ ಹೊರಗೇ ನಿಂತು, “ಬಂಗಾರ ಐತಿ ಅಂತ ನಿಮಗ ಗೊತ್ತಿತ್ತಲ್ಲ ಅಕ್ಕಾರ. ಒಂದು ಮಾತು ನನಗ ಹೇಳಿದ್ರ ಏನಾಗ್ತಿತ್ತು? ಹಸಿ ಕಾಳರ ಬಿಡಿಸಿಕೊಂತಿದ್ವಿ” ಎಂದಳು. ಬಂಗಾರವಿಲ್ಲ ದುರಗವ್ವಾ ಎಂದೆ. ಅವಳು ಬೆನ್ನು ತಿರುಗಿಸಿ ಹೊರಟಳು. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳುತ್ತಿದ್ದೇನೆಂದು ಅವಳು ತಿಳಿದಿದ್ದಳು.

ಇವರು ಕುಷ್ಟಗಿಗೆ ಹೋಗಿ ತಹಶೀಲ್ದಾರರನ್ನು ಕಂಡರು. ದಫ್ತರದಲ್ಲಿ ಹೊಲ ಗೌಡರದೇ ಆಗಿದ್ದರಿಂದ ತಮ್ಮಿಂದಾಗದೆಂದು ಅವರು ಕೈಚೆಲ್ಲಿದರು. ನಾನು ಯಾರನ್ನೂ ಕೇಳಲಿಲ್ಲ. ಸಿಕ್ಕ ಬಂಡಿ ಹತ್ತಿ ಕೊಪ್ಪಳಕ್ಕೆ ಹೋದೆ.

ಹತ್ತಿಯ ಹಂಗಾಮು. ಅಂಗಡಿ ತುಂಬ ಜನ. ನಾನು ಮನೆಯ ಬಾಗಿಲಿಗೆ ಹೋಗದೆ ಅಂಗಡಿಯ ಕಡೆಯಿಂದಲೇ ಒಳಗೆ ಬಂದೆ. ನಮ್ಮ ಮನೆಯ ಹೆಣ್ಣುಮಕ್ಕಳು ಆ ಕಡೆಯಿಂದ ಯಾವತ್ತೂ ಬಂದವರಲ್ಲ. ಗಿರಾಕಿಗಳು ಸರಿದು ದಾರಿ ಬಿಟ್ಟರು.

“ಅಪ್ಪಾ, ನೀ ಆಡಿದ ಬಂಗಾರದ ಮಾತಿಗೆ ಒಬ್ಬರ ಹೊಲ ಹೋತು” ಎಂದೆ.

ಅಪ್ಪ ಗಾದಿಯಿಂದ ಅರ್ಧ ಎದ್ದ. “ಒಳಗ ನಡಿಯವ್ವಾ. ಊಟ ಮಾಡು. ಆಮ್ಯಾಲ ಮಾತಾಡೂಣು.”

“ಮಾತು ಇಲ್ಲೇ ಹುಟ್ಟಿದ್ದು. ಇಲ್ಲೇ ಆಗ್ಲಿ.”

ಆದದ್ದನ್ನೆಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ಯಾಕೆ ಹೇಳಿದಿ, ಯಾರು ಕೇಳಿದ್ದರು ನಿನ್ನನ್ನು ಎಂದೆಲ್ಲ ಅಂದೆ. ಹತ್ತು ಮಂದಿಯ ಮುಂದೆ ಮಗಳು ಹಾಗೆ ಕೇಳುವಾಗ ಅಪ್ಪ ತನ್ನ ಕೈಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ. ಕಡೆಗೆ ಮೆಲ್ಲಗೆ ಹೇಳಿದ.

“ದಸರಿಯಾಗ ಎಲ್ಲಾರೂ ನಗುವಾಗ ನೀ ಬಾಗಲ ಹಿಂದ ಹೋಗಿ ನಿಂತಿ. ನಿನ್ನ ಮಾರಿ ನೋಡಿದ್ದೆ ನಾ. ನಿಮ್ಮವ್ವ ಇದ್ದಿದ್ರ ನಿನ್ನ ಹತ್ರ ಬರತಿದ್ಲು. ನನಗ ಬ್ಯಾರೆ ಏನೂ ಹೊಳೀಲಿಲ್ಲ.”

ಮೊದಲೆರಡು ಕ್ಷಣ ನನಗೆ ಮಾತು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅಪ್ಪನನ್ನು ಜನರ ಮುಂದೆ ನಿಲ್ಲಿಸಿ ಕೇಳುತ್ತಿದ್ದೆ. ಸುಳ್ಳಿನ ಬೇರು ನನ್ನ ಮುಖದಲ್ಲೇ ಇತ್ತು. ನಾನು ನಾಚದಿದ್ದರೆ ಆ ಮಾತು ಹುಟ್ಟುತ್ತಿರಲಿಲ್ಲ.

ಅಪ್ಪ ಆ ದಿನವೇ ರುಮಾಲು ಸುತ್ತಿಕೊಂಡು ನನ್ನ ಜೊತೆ ಹೊರಟ. ಮರುದಿನ ಚಾವಡಿಯಲ್ಲಿ ಊರವರ ಮುಂದೆ, “ನಾ ಹೇಳಿದ್ದು ಸುಳ್ಳು. ನನ್ನ ಅಳಿಯ ಬಂಗಾರ ಹುಡುಕೋರಲ್ಲ” ಎಂದ. ಗೌಡರು ಅದನ್ನೂ ನಂಬಲಿಲ್ಲ. ಮಾವ ಅಳಿಯ ಕೂಡಿ ಆಟ ಹೂಡಿದ್ದಾರೆಂದುಕೊಂಡರು. ಅಗೆಯುವುದು ನಿಲ್ಲಲಿಲ್ಲ. ಅಗೆದಷ್ಟೂ ಕರಿಕಲ್ಲೇ ಬಂತು. ಸಿಟ್ಟಿಗೆ ಇನ್ನಷ್ಟು ಆಳಕ್ಕೆ ಹೋದರು, ಮದ್ದಿಟ್ಟು ಒಡೆದರು. ನೀರಿನೊಳಗೆ ಗುಂಡಾಗಿ ಕಟ್ಟಿದ್ದ ಆ ಕಲ್ಲುಗಳೆಲ್ಲ ಚೂರಾಗಿ ಹಳ್ಳಕ್ಕೆ ಬಿದ್ದವು. ತುಳಿದ ಜೋಳ ಹೊಲದಲ್ಲೇ ಒಣಗಿತು. ಹನಮಪ್ಪ, ದುರಗವ್ವ ಮನೆಗೆ ಬೀಗ ಹಾಕಿ ಗಂಗಾವತಿ ಕಡೆ ಗದ್ದೆಯ ಕೂಲಿಗೆ ಹೋದರೆಂದು ಆಮೇಲೆ ಕೇಳಿದೆವು.

ಶಿವರಾತ್ರಿಯ ಹೊತ್ತಿಗೆ ಮೇಲಧಿಕಾರಿ ಮೋಟಾರಿನಲ್ಲಿ ಬಂದರು. ನಮ್ಮವರು ಅವರನ್ನು ಹಳ್ಳಕ್ಕೆ ಕರೆದುಕೊಂಡು ಹೋಗಿ ಕುಣಿಗಳನ್ನು ತೋರಿಸಬೇಕಾಯಿತು. ಮನೆಗೆ ಬಂದು ಚಹಾ ಕುಡಿಯುವಾಗ ನಾನು ಪರದೆಯ ಈಚೆ ಇದ್ದೆ. ಗೋಡೆ ಏನಾಯಿತು ಎಂದು ಅವರು ಕೇಳಿದರು. ಇವರು, ಊರವರು ಮನೆ ಕಟ್ಟಲು ಕಲ್ಲು ಒಯ್ದರು ಎಂದರು. ನಮ್ಮಪ್ಪನ ಹೆಸರು ಬಾಯಿಂದ ಬರಲಿಲ್ಲ. ತಾವು ಬರೆದುಕೊಂಡಿದ್ದ ಚಿತ್ರಗಳನ್ನು ತೆಗೆದು ಮುಂದಿಟ್ಟರು. ಚಿತ್ರವನ್ನು ಯಾರು ಹೇಗೆ ಬೇಕಾದರೂ ಬರೆಯಬಹುದು, ನೀವು ಕಂಡೆನೆಂದದ್ದನ್ನು ನಾನೂ ಕಾಣಬೇಕಲ್ಲ ಎಂದು ಅವರು ಉರ್ದುವಿನಲ್ಲಿ ಬಹಳ ಸೌಜನ್ಯದಿಂದ ಹೇಳಿದರು. ಇವರು “ಹೌದು” ಎಂದರು. ಸಾಲಿ ಹುಡುಗ ಮಾಸ್ತರರಿಗೆ ಹೇಳಿದಂತೆ.

ಇವರು ಬರೆದದ್ದನ್ನು ಯಾರೂ ಅಚ್ಚು ಹಾಕಲಿಲ್ಲ. ನಮ್ಮವರು ಮುಂದೆ ನೌಕರಿ ಮುಗಿಯುವ ತನಕ ಕಲ್ಲಿನ ಕೆಲಸವನ್ನೇ ಮಾಡಿದರು. ಸುರಪುರ, ದೇವದುರ್ಗ, ವಾರಂಗಲ್ಲಿನ ಕಡೆ ಎಲ್ಲೆಲ್ಲೋ ಅಲೆದರು. ಯುದ್ಧ ಬಂತು, ಹೋಯಿತು. ಹೈದರಾಬಾದು ಗಲಾಟೆಯಲ್ಲಿ ಬಿದ್ದಾಗಲೂ ಒಂದು ಪೆಟ್ಟಿಗೆ ಕಲ್ಲುಗಳನ್ನು ಹೊತ್ತೇ ಊರು ಬಿಟ್ಟೆವು. ಎಷ್ಟೋ ಕಾಲದ ಮೇಲೆ ಬೇರೆ ಕಡೆಯ ವಿದ್ವಾಂಸರು ಅದೇ ಸೀಮೆಗೆ ಬಂದು, ಬೇರೆ ಹಳ್ಳದಲ್ಲಿ ಅಂಥದೇ ಗುಂಡುಗಲ್ಲು ಕಂಡು, ಇಲ್ಲಿ ನೀರಿನ ತಳದ ಜ್ವಾಲಾಮುಖಿ ಇತ್ತೆಂದು ಬರೆದರು. ಇವರು ಅದನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ಛಲೋ ಬರದಾರ” ಎಂದರು. ನನಗೆ ಒಂದೇ ಒಂದು ಕೊಂಕು ಮಾತು, ಆಗಲೂ ಇಲ್ಲ, ಮುಂದೂ ಇಲ್ಲ. ಒಮ್ಮೆ ಬೈದಿದ್ದರೆ ನಾನು ಅತ್ತು ಮುಗಿಸುತ್ತಿದ್ದೆನೇನೋ.

ಆದರೆ ನಾನು ಹೇಳಬೇಕೆಂದದ್ದು ಮೇಲಧಿಕಾರಿ ಬಂದು ಹೋದ ನಂತರದ ಒಂದು ದಿನದ ಮಾತು.

ಗೌಡರ ಹತ್ತಿಯೆಲ್ಲ ಅಪ್ಪನ ಅಂಗಡಿಗೇ ಬರಬೇಕಿತ್ತು. ಅಪ್ಪ ಆ ಬಲ ಹಾಕಿ, ಬರುವ ಮುಂಗಾರಿಗೆ ಹೊಲ ಹನಮಪ್ಪನಿಗೇ ಎಂದು ಅವರ ಬಾಯಿಂದ ಹೇಳಿಸಿದ. ಆಮೇಲೆ ನಾವು ಮೂವರೂ ಬಂಡಿ ಕಟ್ಟಿಸಿ ಹನಮಪ್ಪನನ್ನು ಹುಡುಕಿಕೊಂಡು ಹೋದೆವು. ಮರಳಿ ಎಂಬ ಊರಿನ ಹತ್ತಿರ ಕಾಲುವೆ ನೀರಿನ ಗದ್ದೆಗಳಲ್ಲಿ ಅವರು ಸಿಕ್ಕರು. ಸುತ್ತ ಕಣ್ಣು ಹರಿಯುವ ತನಕ ನೀರು, ಹಸಿರು. ದುರಗವ್ವ ಹೆಂಗಸರ ಸಾಲಿನಲ್ಲಿ ಬಗ್ಗಿ ಕಳೆ ಕೀಳುತ್ತಿದ್ದಳು. ನಮ್ಮನ್ನು ಕಂಡು ಬದುವಿಗೆ ಬಂದಳು. ಹನಮಪ್ಪನೂ ಬಂದ.

ಅಪ್ಪ ಕಾಲಿನ ಜೋಡು ಬಿಟ್ಟು ಬದುವಿನ ಕೆಸರಿನಲ್ಲಿ ನಿಂತ. ಹೊಲ ಬಿಡಿಸಿದ ಮಾತು ಹೇಳಿದ.

ಹನಮಪ್ಪ ಕೈ ಒರೆಸಿಕೊಂಡು, “ಹೊಲ ಗೌಡ್ರದು, ಯಜಮಾನ್ರ. ಇವತ್ತು ಬಾ ಅಂತಾರ, ನಾಳಿ ಹೋಗು ಅಂತಾರ. ಇಲ್ಲಿ ನೀರರ ಐತಿ. ನಾವು ಇಲ್ಲೇ ಇರ್ತೀವ್ರಿ” ಎಂದ. ದನಿಯಲ್ಲಿ ಕಹಿ ಇರಲಿಲ್ಲ. ತೀರ್ಮಾನ ಇತ್ತು.

ದುರಗವ್ವ ಅಪ್ಪನನ್ನೇ ನೋಡುತ್ತಿದ್ದಳು. “ಇಲ್ಲದ ಬಂಗಾರ ಐತಿ ಅಂತ ಯಾಕ ಹೇಳಿದ್ರಿ ನೀವು?”

ಅಪ್ಪ ಸುತ್ತಿ ಬಳಸಲಿಲ್ಲ. “ಅಳಿಯ ಕಲ್ಲು ಒಡೀತಾರ ಅನ್ನಾಕ ನಾಚಿಕಿ ಬಂತವ್ವಾ.”

ಅವಳಿಗೆ ಅದು ನಿಜವಾಗಿಯೂ ತಿಳಿಯಲಿಲ್ಲ. ಹುಬ್ಬು ಗಂಟಿಕ್ಕಿ ಒಂದು ಗಳಿಗೆ ನಿಂತಳು. “ಕಲ್ಲು ಒಡಿಯೋದು ನಾಚಿಕಿದೇನ್ರಿ? ನಮ್ಮವ್ವ ಸಾಯೂತನಕ ರಸ್ತೆದಾಗ ಕುಂತು ಒಡದಾಳ. ಅದರಾಗ ನನ್ನ ಜ್ವಾಕಿ ಮಾಡ್ಯಾಳ” ಎಂದಳು.

ಅವಳು ನಮ್ಮವರ ಕಡೆಗೆ ತಿರುಗಿ, “ನಿಮ್ಮ ಗುಂಡುಗಲ್ಲು ಎಲ್ಲಾ ಒಡದರಂತಲ್ರಿ ಸಾಹೇಬ್ರ. ಎಷ್ಟು ತೊಳದಿದ್ರಿ ಪಾಪ” ಎಂದಳು. ತನ್ನ ಬೆಳೆ ಹೋದವಳು ಅವರ ಕಲ್ಲಿಗೆ ಮರುಗುತ್ತಿದ್ದಳು. ನನ್ನ ಕಡೆಗೆ ಮಾತ್ರ ನೋಡಲಿಲ್ಲ. ನಾನು ಅವಳಿಗೆಂದು ತಂದಿದ್ದ ಉಂಡಿಯ ಗಂಟು ನನ್ನ ಮಡಿಲಲ್ಲೇ ಉಳಿಯಿತು. ಅವಳು ಮತ್ತೆ ಸಾಲಿಗೆ ಹೋಗಿ ಬಗ್ಗಿದಳು. ಸಾಲು ಮುಂದೆ ಸರಿಯಿತು. ಸ್ವಲ್ಪ ಹೊತ್ತಿನಲ್ಲಿ ಯಾವ ಬೆನ್ನು ಅವಳದೆಂದು ಗುರುತಿಸಲಾಗಲಿಲ್ಲ.

ಗಂಗಾವತಿಗೆ ಹಿಂದಿರುಗಲು ಬಂಡಿ ಹತ್ತಿದೆವು. ರಸ್ತೆಯ ಪಕ್ಕ ಬಿಳಿ ಬಂಡೆಗಳ ಒಂದು ದಿಬ್ಬ ಬಂತು. ಆ ಬಿಳಿ ಬಂಡೆಯನ್ನು ಸೀಳಿಕೊಂಡು ಒಂದು ಕರಿಯ ಪಟ್ಟಿ ಮೇಲಿನಿಂದ ಕೆಳಕ್ಕೆ ಇಳಿದಿತ್ತು. ಅಪ್ಪ ಅದನ್ನು ನೋಡುತ್ತ ನೋಡುತ್ತ ಬಂಡಿ ನಿಲ್ಲಿಸಲು ಹೇಳಿದ.

“ಅಳಿಯಾರ, ಅದೇನದು? ಬಿಳೇದ್ರಾಗ ಕರೇದು ಹೆಂಗ ಬಂತು?”

ಮದುವೆಯಾಗಿ ಅಷ್ಟು ದಿನವಾಗಿತ್ತು. ಅಳಿಯನ ಕೆಲಸ ಏನೆಂದು ಅಪ್ಪ ಕೇಳಿದ್ದು ಅದೇ ಮೊದಲು. ಇವರು ಅಪ್ಪನ ಮುಖವನ್ನೊಮ್ಮೆ ನೋಡಿದರು. ನಿಜಕ್ಕೂ ಕೇಳುತ್ತಿದ್ದಾನೆ ಎಂದು ಖಾತ್ರಿಯಾದ ಮೇಲೆ ಬಂಡಿಯಿಂದ ಇಳಿದರು. ಅಪ್ಪನೂ ಇಳಿದ. ಇಬ್ಬರೂ ಬಂಡೆಯ ಬುಡಕ್ಕೆ ಹೋದರು. ಬಿಳಿಕಲ್ಲು ಆರಿ ಗಟ್ಟಿಯಾದ ಮೇಲೆ ಅದು ಬಿರುಕು ಬಿಟ್ಟದ್ದು, ಆ ಬಿರುಕಿನೊಳಗೆ ಕೆಳಗಿನಿಂದ ಕರಿಯ ರಸ ಏರಿದ್ದು, ಅಂಚಿನಲ್ಲಿ ಬೇಗ ಆರಿದ್ದಕ್ಕೆ ಅಲ್ಲಿ ಕಲ್ಲು ನುಣ್ಣಗಿರುವುದು, ಎಲ್ಲವನ್ನೂ ಇವರು ಅಪ್ಪನ ಕೈ ಹಿಡಿದು ಕಲ್ಲಿನ ಮೇಲೆ ಓಡಾಡಿಸಿ ಹೇಳುತ್ತಿದ್ದರು. ಅಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಕಿವಿಗೊಟ್ಟು ಕೇಳುತ್ತಿದ್ದ.

ಅಷ್ಟರಲ್ಲಿ ಎದುರಿನಿಂದ ಬತ್ತದ ಬಂಡಿಗಳು ಬಂದವು. ಮುಂದಿನ ಬಂಡಿಯಲ್ಲಿ ಅಪ್ಪನ ಪರಿಚಯದ ವ್ಯಾಪಾರಿಯೊಬ್ಬರಿದ್ದರು. ಬಂಡಿ ನಿಲ್ಲಿಸಿ, “ಏನ್ರಿ ಸಾವ್ಕಾರ್ರ, ಇಲ್ಲೂ ಬಂಗಾರ ಸಿಕ್ಕೈತೇನು?” ಎಂದರು. ಅವರ ಆಳುಗಳು ನಕ್ಕರು. ಚಾವಡಿಯ ಸುದ್ದಿ ಅಲ್ಲಿಯ ತನಕ ಮುಟ್ಟಿತ್ತು.

ಅಪ್ಪ ಬಂಡೆಯ ಮೇಲಿನ ಕೈ ತೆಗೆಯಲಿಲ್ಲ. “ಇಲ್ರಿ. ಕಲ್ಲು ನೋಡಾಕತ್ತೀನಿ” ಎಂದ.

ಅವರು ಇನ್ನೂ ಏನೋ ಮಾತು ಬರಬಹುದೆಂದು ಕಾದರು. ಅಪ್ಪ ಮತ್ತೆ ಕಲ್ಲಿನ ಕಡೆಗೆ ತಿರುಗಿದ. ನಾನು ಸೆರಗು ಮುಖಕ್ಕೆಳೆದುಕೊಂಡು ಬಂಡಿಯ ಕಮಾನಿನೊಳಗೆ ಕೂತಿದ್ದೆ. ಅವರ ಬಂಡಿ ಹೊರಡುವುದಕ್ಕೆ ಮೊದಲೇ ಸೆರಗು ಸರಿಸಿ ಕೆಳಗಿಳಿದೆ. ಅವರೆಲ್ಲ ನೋಡುತ್ತಿದ್ದಂತೆ ರಸ್ತೆ ದಾಟಿ ಹೋಗಿ ಅಪ್ಪನ ಪಕ್ಕದಲ್ಲಿ ನಿಂತೆ.